ಐದು ಎಣಿಸುವಷ್ಟರಲ್ಲಿ

ನಮ್ಮೂರಿನಲ್ಲಿ ಬಾಯಿಂದ ಹೊರಟ ಮಾತು ಕಿವಿಗೆ ಬೀಳಬೇಕಾದರೆ ಐದು ಎಣಿಸಬೇಕು. ಮಾತಷ್ಟೇ ಅಲ್ಲ, ಎಲ್ಲ ಸದ್ದೂ ಹಾಗೇ. ತಟ್ಟೆ ಕೈಜಾರಿದರೆ ಬಿದ್ದದ್ದು ಮೊದಲು ಕಾಣುತ್ತದೆ, ಠಣ್ ಎನ್ನುವುದು ಆಮೇಲೆ. ಮದುವೆಯಲ್ಲಿ ಪುರೋಹಿತರು ಐದು ಎಣಿಕೆ ಮುಂಚೆಯೇ ಬೆರಳೆತ್ತಿ ಗಟ್ಟಿಮೇಳಕ್ಕೆ ಸನ್ನೆ ಮಾಡುತ್ತಾರೆ, ತಾಳಿ ಕೊರಳಿಗೆ ಬೀಳುವ ಹೊತ್ತಿಗೆ ಡೋಲು ಸರಿಯಾಗಿ ಕೇಳಿಸುತ್ತದೆ. ಕಂಡಕ್ಟರು ಸ್ಟಾಪು ಕಣ್ಣಿಗೆ ಬೀಳುವ ಮೊದಲೇ ಸೀಟಿ ಊದುತ್ತಾನೆ. ಹೊರಗಿನಿಂದ ಬಂದವರು ಇದೆಲ್ಲ ಯಾಕೆ ಹೀಗೆ ಎಂದು ನನ್ನ ಮೆಸ್ಸಿನಲ್ಲಿ ಕೂತು ಊಟ ಮಾಡುತ್ತಾ ಕೇಳುತ್ತಾರೆ. ನಿಮ್ಮೂರಿನಲ್ಲಿ ಆಡಿದ ಕೂಡಲೇ ಯಾಕೆ ಕೇಳಿಸುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಅವರಿಗೂ ಗೊತ್ತಿರುವುದಿಲ್ಲ.

ಇದರಿಂದ ನಮಗೊಂದು ಅನುಕೂಲವೂ ಇದೆ. ಆಡಬಾರದ ಮಾತು ಆಡಿಬಿಟ್ಟೆ ಅನ್ನಿಸಿದರೆ ಐದು ಎಣಿಸುವಷ್ಟರಲ್ಲಿ ಅಂಗೈ ಎತ್ತಿ ತೋರಿಸಬೇಕು. ಎದುರಿಗಿದ್ದವರು ಎರಡೂ ಕಿವಿಗೆ ಬೆರಳಿಟ್ಟುಕೊಳ್ಳಬೇಕು. ಅಷ್ಟೇ, ತುಟಿಯಲ್ಲಿ ಕಂಡಿದ್ದರೂ ಆ ಮಾತು ಆಡಿದ ಲೆಕ್ಕಕ್ಕಿಲ್ಲ. ಕೈ ಎತ್ತಿದ್ದನ್ನು ನೋಡಿಯೂ ಕಿವಿ ಬಿಟ್ಟುಕೊಂಡು ಕೇಳಿಸಿಕೊಂಡವರನ್ನು ಊರಿನಲ್ಲಿ ಯಾರೂ ಹೊಸ್ತಿಲು ದಾಟಿಸುವುದಿಲ್ಲ. ನನ್ನ ಗಂಡ ಬದುಕಿದ್ದಾಗ ದಿನಕ್ಕೆ ನಾಲ್ಕು ಸಲ ಕೈ ಎತ್ತುತ್ತಿದ್ದ. ನಾನೇನೂ ಕಡಿಮೆ ಇರಲಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದೆವು, ಆತ ನನ್ನನ್ನು ಏನೇನು ಬೈದ ಎಂಬುದು ಇವತ್ತಿಗೂ ನನ್ನ ಕಿವಿಗೆ ಬಿದ್ದಿಲ್ಲ.

ನನ್ನ ಹೆಸರು ಚಿಕ್ಕತಾಯಮ್ಮ. ಬಸ್‌ಸ್ಟ್ಯಾಂಡಿನ ಪಕ್ಕದ ಮೆಸ್ಸು ನನ್ನದು. ಮೆಸ್ಸಿನ ಮೇಲಿನ ಕೋಣೆಯಲ್ಲಿ ಐದು ಜನ ಕಂಪ್ಯೂಟರ್ ಆಟ ಆಡುತ್ತಿದ್ದರು. ಹೊತ್ತು ಕಳೆಯುವುದಕ್ಕೆ ಆಡುತ್ತಿದ್ದವರಲ್ಲ, ಅದನ್ನೇ ಕಸುಬು ಮಾಡಿಕೊಂಡವರು. ಮುಂದಾಳು ದಾಕ್ಷಾಯಿಣಿ, ಬೀದಿಬೀದಿಗೆ ನೀರು ಬಿಡುವ ವಾಟರ್‌ಮ್ಯಾನ್ ನಂಜಪ್ಪನ ಮಗಳು, ಇಪ್ಪತ್ತೆರಡು ವರ್ಷ, ಗಟ್ಟಿಗಿತ್ತಿ. ಎರಡನೆಯವನು ಗಡಿಯಾರ ರಿಪೇರಿ ಅಂಗಡಿಯ ಇಲಿಯಾಸ್. ಊರಿಗೆ ಆ ಆಟ ಆಡಬಲ್ಲ ಕಂಪ್ಯೂಟರ್ ಮೊದಲು ಬಂದದ್ದು ಅವನ ಮನೆಗೆ, ಅದರಲ್ಲೇ ಉಳಿದವರೂ ಕಲಿತದ್ದು. ಆಮೇಲೆ ಪುಟ್ಟಲಿಂಗ, ಮತ್ತೆ ಇಬ್ಬರು ಅವಳಿ ಅಣ್ಣತಮ್ಮಂದಿರು. ಆಟದ ಹೆಸರು ನನ್ನ ಬಾಯಿಗೆ ಹೊರಳುವುದಿಲ್ಲ, ನಾನು ಕೋಟೆ ಆಟ ಅನ್ನುತ್ತೇನೆ. ಎಡಕ್ಕೊಂದು ಬಲಕ್ಕೊಂದು ಬಾಗಿಲಿರುವ ಕೋಟೆ. ಐದು ಜನ ಕಾಯುತ್ತಾರೆ, ಐದು ಜನ ಒಡೆಯುತ್ತಾರೆ. ಯಾವ ಬಾಗಿಲಿಗೆ ನುಗ್ಗಬೇಕೆಂದು ಒಬ್ಬರು ಮೈಕಿನಲ್ಲಿ ಕರೆ ಕೊಡಬೇಕು. ಆ ಕರೆ ದಾಕ್ಷಾಯಿಣಿಯದು.

ನಮ್ಮೂರಿನಲ್ಲಿ ಕೂತು ಕಂಡದ್ದನ್ನು ಕಂಡಂತೆ ಹೇಳಿದರೆ ಕೇಳಿಸುವ ಹೊತ್ತಿಗೆ ಅದು ಹಳಸಿರುತ್ತದೆ. ಆದ್ದರಿಂದ ಅವಳು ಐದು ಎಣಿಕೆ ಆದಮೇಲೆ ಏನಾಗುತ್ತದೋ ಅದನ್ನು ಈಗಲೇ ಹೇಳುತ್ತಿದ್ದಳು. ಉಳಿದವರು ಅವಳ ತುಟಿಯನ್ನು ಓರೆಗಣ್ಣಲ್ಲಿ ನೋಡಿ ಆಟದೊಳಗೆ ಆ ಕಡೆ ವಾಲಿಕೊಳ್ಳುತ್ತಿದ್ದರು, ಐದಕ್ಕೆ ನುಗ್ಗುತ್ತಿದ್ದರು. ನಡುವೆ ಅವಳು ಅಂಗೈ ಎತ್ತಿದರೆ ಆ ಕರೆ ವಾಪಸ್ಸು. ಹೀಗೇ ಆಡುತ್ತಾ ದೇಶದ ದೊಡ್ಡ ದೊಡ್ಡ ಊರಿನವರನ್ನೆಲ್ಲ ಕೂತಲ್ಲಿಂದಲೇ ಸೋಲಿಸಿದರು. ಆಗ ಒಂದು ಬಿಸ್ಕತ್ತಿನ ಕಂಪನಿಯವರ ಕಣ್ಣು ಇವರ ಮೇಲೆ ಬಿತ್ತು. ಐದು ಎಣಿಕೆ ತಡವಾಗಿ ಕೇಳಿಸಿಕೊಂಡೇ ಇಷ್ಟು ಆಡುವವರು, ಕೂಡಲೇ ಕೇಳಿಸಿದರೆ ಇನ್ನೆಷ್ಟು ಆಡಿಯಾರು ಎಂದು ಅವರ ಲೆಕ್ಕ. ಹತ್ತು ವಾರ ಪರದೇಶದಲ್ಲಿ ತರಬೇತಿ, ಆಮೇಲೆ ಅಲ್ಲೇ ದೊಡ್ಡ ಪಂದ್ಯ ಎಂದು ಕಾಗದ ಬಂತು.

ನಂಜಪ್ಪ ಮೆಸ್ಸಿಗೆ ಬಂದು ನಿಂತ. "ತಾಯಮ್ಮಕ್ಕ, ನಾಕು ಹುಡುಗರ ಜೊತೆ ಒಬ್ಳೇ ಹುಡುಗೀನ ಹೆಂಗ್ ಕಳಿಸ್ಲಿ? ನೀನು ಹೋಗ್ತೀಯಾ ಅಂದ್ರೆ ಕಳಿಸ್ತೀನಿ." ಅವನ ತುಟಿ ನಿಂತ ಮೇಲೆ ಐದು ಎಣಿಸುವಷ್ಟು ಹೊತ್ತು ಅವನ ಮುಖ ನೋಡಿದೆ. ಮಾತು ಬರುವ ಮೊದಲೇ ಒಪ್ಪಿಕೊಂಡಿದ್ದೆ. ಮೆಸ್ಸನ್ನು ತಂಗಿಗೆ ಒಪ್ಪಿಸಿ, ಸಾಂಬಾರಪುಡಿ, ಹುರಿಟ್ಟು, ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೆ.

ಊರಾಚೆಯ ಹಳೇ ಸುಂಕದಕಟ್ಟೆ ದಾಟಿದ್ದೇ ಬಸ್ಸಿನ ಹಾರನ್ನು ಒತ್ತಿದ ಕೂಡಲೇ ಕೇಳಿಸಿತು. ಪುಟ್ಟಲಿಂಗ ಸೀಟಿನಲ್ಲೇ ಎಗರಿ ಕೂತ. ಆ ಚಳಿದೇಶ ಮುಟ್ಟಿದ ಮೇಲೂ ನಾವು ಯಾರೂ ಎರಡು ದಿನ ಸರಿಯಾಗಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟ ಕೂಡಲೇ ನಮ್ಮ ದನಿಯೇ ನಮ್ಮ ಕಿವಿಗೆ ಬಂದು ಬಡಿದರೆ ಹೇಗಿರುತ್ತದೆ ಹೇಳಿ. ನಾನು ಮೊದಲನೇ ದಿನ ಒಗ್ಗರಣೆಗೆ ಸಾಸಿವೆ ಹಾಕಿದೆ, ಅದು ಕಣ್ಣೆದುರೇ ಚಟಪಟ ಅಂದಿತು, ಬೆಚ್ಚಿಬಿದ್ದು ಸೌಟು ಕೆಳಗೆ ಹಾಕಿದೆ. ಆ ಸೌಟಿನ ಸದ್ದಿಗೆ ಇನ್ನೊಂದು ಸಲ ಬೆಚ್ಚಿದೆ.

ಅಲ್ಲಿನ ಕೋಚ್ ಆಂದ್ರೇ ಎಂಬುವನು. ಉದ್ದಕ್ಕೆ, ಸಪೂರಕ್ಕೆ ಇದ್ದ. ಕೆಟ್ಟವನಲ್ಲ, ತಾನು ಕಲಿತದ್ದೇ ಆಟ ಎಂದು ನಂಬಿದವನು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಲಿಯಾಸ್ ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಬೆಳಗ್ಗೆ ಎದ್ದು ಓಟ, ಆಮೇಲೆ ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವ ಅಭ್ಯಾಸ, ಆಮೇಲೆ ಎಂಟು ಗಂಟೆ ಆಟ. ಮೊದಲನೇ ವಾರ ನಮ್ಮವರ ಆಟ ನೋಡಿ ಅವನು ತಲೆ ಚಚ್ಚಿಕೊಂಡ. ದಾಕ್ಷಾಯಿಣಿ ಕರೆ ಕೊಡುತ್ತಾಳೆ, ಕರೆ ಆಗಲೇ ಕೇಳಿಸುತ್ತದೆ, ಹುಡುಗರು ಮಾತ್ರ ಅಭ್ಯಾಸ ಬಲದಿಂದ ಐದು ಎಣಿಸುತ್ತಾ ನಿಲ್ಲುತ್ತಾರೆ. "ನೀನು ಇನ್ನೂ ಆಗದ್ದನ್ನು ಹೇಳುತ್ತೀಯ, ಇವರು ಕೇಳಿಸಿದ ಮೇಲೂ ಸುಮ್ಮನಿರುತ್ತಾರೆ," ಎಂದ ಆಂದ್ರೇ. "ನಿಮ್ಮದು ಆಟವಲ್ಲ, ಕಾಯಿಲೆ. ಕಂಡದ್ದನ್ನು ಕಂಡಾಗ ಹೇಳು. ಕೇಳಿಸಿದ್ದನ್ನು ಕೇಳಿಸಿದಾಗ ಮಾಡಿ."

ಕಾಯಿಲೆ ಎಂಬ ಮಾತನ್ನು ಇಲಿಯಾಸ್ ಕನ್ನಡಕ್ಕೆ ತರುವಾಗ ತಡವರಿಸಿದ. ನಾನೇ ಊಹಿಸಿಕೊಂಡೆ.

ಅವರು ಒಬ್ಬರ ಕೈ ಒಬ್ಬರು ನೋಡುವುದೂ ಆಂದ್ರೇಗೆ ಆಗುತ್ತಿರಲಿಲ್ಲ. ದಾಕ್ಷಾಯಿಣಿ ಅಂಗೈ ಎತ್ತಿದಾಗೆಲ್ಲ ಅವಳ ಎಡಗೈ ಕೀಲಿಮಣೆ ಬಿಡುತ್ತದೆ, ಆಟದೊಳಗೆ ಅವಳ ಸಿಪಾಯಿ ಮರದ ಹಾಗೆ ನಿಂತುಬಿಡುತ್ತಾನೆ, ಎದುರಿನವರು ಹೊಡೆದು ಕೆಡವುತ್ತಾರೆ. ಹಾಗಾಗಿ ಐದು ಮೇಜುಗಳ ನಡುವೆ ಆಳೆತ್ತರದ ಹಲಗೆಗಳನ್ನು ಸ್ಕ್ರೂ ಹಾಕಿ ನಿಲ್ಲಿಸಿಬಿಟ್ಟ. ಕುದುರೆಗೆ ಕಣ್ಣಿಗೆ ಪಟ್ಟಿ ಕಟ್ಟುತ್ತಾರಲ್ಲ, ಹಾಗೆ. ಐದು ವಾರ ಕಳೆಯಿತು. ಮಕ್ಕಳು ಚುರುಕಾದರು, ಸುಳ್ಳು ಹೇಳಬಾರದು. ದೀಪ ಹೊತ್ತುವುದಕ್ಕೂ ಗುಂಡಿ ಒತ್ತುವುದಕ್ಕೂ ನಡುವೆ ಕೂದಲು ತೂರುವಷ್ಟೂ ಸಂದು ಇರಲಿಲ್ಲ. ಆದರೂ ಅಲ್ಲಿನ ತಂಡಗಳ ಜೊತೆ ಆಡಿದ ಅಭ್ಯಾಸದ ಆಟಗಳನ್ನೆಲ್ಲ ಸ್ವಲ್ಪ ಸ್ವಲ್ಪದರಲ್ಲಿ ಸೋತರು. ಸೋಲದೆ ಏನು? ಆ ಮಕ್ಕಳು ತೊಟ್ಟಿಲಿನಿಂದಲೂ ಕೂಡಲೇ ಕೇಳಿಸಿಕೊಂಡವರು, ನಮ್ಮವರು ಐದು ವಾರದಿಂದ. ಎರವಲು ಚಪ್ಪಲಿ ಹಾಕಿಕೊಂಡು ಓಡಿದ ಹಾಗಿತ್ತು.

ಏಳನೇ ವಾರ ಆಂದ್ರೇ ಹೇಳಿಯೇಬಿಟ್ಟ. ಪಂದ್ಯದಲ್ಲಿ ಕರೆ ಕೊಡುವುದಕ್ಕೆ ಆ ದೇಶದ ಆಟಗಾರನೊಬ್ಬನನ್ನು ತರುತ್ತಾನಂತೆ. ದಾಕ್ಷಾಯಿಣಿ ಮೈಕು ಬಿಚ್ಚಿಟ್ಟು ಹಿಂದಿನ ಬೆಂಚಿನಲ್ಲಿ ಕೂರಬೇಕಂತೆ. ಕಂಪನಿಯವರೂ ಹೂಂ ಅಂದಿದ್ದಾರಂತೆ. ಮೆಸ್ಸಿನ ಮೇಲಿನ ಕೋಣೆಯಲ್ಲಿ ಆರು ವರ್ಷ ಕೂತು ಆ ತಂಡ ಕಟ್ಟಿದವಳು ಅವಳು. ನೀರು ಬಿಡುವವನ ಮಗಳಿಗೆ ಊರಿನಲ್ಲಿ ಒಂದು ಹೆಸರು ಅಂತಿದ್ದರೆ ಅದು ಆ ಕರೆಯಿಂದ. ಅವಳ ಮುಖ ಕಪ್ಪಿಟ್ಟಿತು.

ಅವತ್ತು ಮಧ್ಯಾಹ್ನದ ಆಟದಲ್ಲಿ ಇಲಿಯಾಸ್ ಒಂದು ಚೂರು ತಡ ಮಾಡಿದ. ಅಷ್ಟಕ್ಕೇ ಬಾಗಿಲು ಹೋಯಿತು, ಆಟವೂ ಹೋಯಿತು. ಎಲ್ಲರೂ ಊಟಕ್ಕೆ ಕೂತಿದ್ದರು. ಇಲಿಯಾಸ್ ತಟ್ಟೆಗೆ ಮುದ್ದೆ ಹಾಕಿಸಿಕೊಳ್ಳುತ್ತಾ, "ಸಾರಿ ದಾಕ್ಷು, ಕೈ ಜಾರ್ತು," ಎಂದ. ದಾಕ್ಷಾಯಿಣಿ ತಲೆ ಎತ್ತಿ ಅವನನ್ನೇ ನೋಡಿ ಅಂದಳು: "ನಿನ್ ಮನೇಲಿ ಕಂಪ್ಯೂಟರ್ ಇತ್ತು ಅಂತ ಸೇರಿಸ್ಕೊಂಡ್ವಿ ನಿನ್ನ. ಆಟ ಬರುತ್ತೆ ಅಂತಲ್ಲ."

ಅಂದವಳೇ ಅಂಗೈ ಎತ್ತಿದಳು. ಇಲಿಯಾಸ್ ಕೂಡ, ಹುಟ್ಟಿನಿಂದ ಬಂದ ಅಭ್ಯಾಸ ನೋಡಿ, ಸೌಟು ಹಿಡಿದು ನಿಂತಿದ್ದ ನನ್ನ ಎದುರಿಗೇ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಇಬ್ಬರೂ ಹಾಗೇ ಕೂತಿದ್ದರು, ಅವಳ ಕೈ ಮೇಲೆ, ಅವನ ಬೆರಳು ಕಿವಿಯಲ್ಲಿ. ಐದು ಎಣಿಕೆಯೂ ಆಯಿತು, ಹತ್ತೂ ಆಯಿತು. ಆದರೆ ಆ ದೇಶದಲ್ಲಿ ಮಾತು ಆಗಲೇ ಒಳಗೆ ಹೋಗಿ ಕೂತುಬಿಟ್ಟಿತ್ತು. ಅವನು ಮೆಲ್ಲಗೆ ಬೆರಳು ತೆಗೆದ. ಮುದ್ದೆ ಮುರಿಯದೆ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟ.

ಮಾರನೇ ಬೆಳಗ್ಗೆ ದಾಕ್ಷಾಯಿಣಿ ಅಡುಗೆಮನೆಗೆ ಬಂದು ಬೆಳ್ಳುಳ್ಳಿ ಸುಲಿಯುತ್ತಾ ಕೂತಳು. ಸುಲಿದದ್ದನ್ನೇ ಮತ್ತೆ ಸುಲಿಯುತ್ತಿದ್ದಳು. "ತಾಯಮ್ಮಕ್ಕ, ಇಲ್ಲಿ ಕೈ ಎತ್ತಿದ್ರೆ ಏನೂ ಆಗಲ್ಲ," ಎಂದಳು. "ನಾನು ಊರಲ್ಲಿದ್ದಿದ್ರೆ ಆ ಮಾತು ಅವನಿಗೆ ಮುಟ್ತಾನೇ ಇರ್ಲಿಲ್ಲ. ಅಥವಾ ಅಂತಾನೇ ಇರ್ಲಿಲ್ವೇನೋ. ಇವರು ನಂಗೆ ಬೇಗ ಮಾತಾಡೋದು ಕಲಿಸಿದ್ರು. ಕಲ್ತೆ. ನೋಡು, ಏನಂದೆ."

"ಸಾರಿ ಕೇಳ್ದ್ಯಾ?" ಎಂದೆ.

"ಮೂರು ಸಲ. 'ಇರ್ಲಿ ಬಿಡು' ಅಂತಾನೆ. ಹಂಗಂದ್ರೆ ಹೋಗಿಲ್ಲ ಅಂತ." ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಬೆಳ್ಳುಳ್ಳಿ ಬುಟ್ಟಿ ಪಕ್ಕಕ್ಕೆ ತಳ್ಳಿದಳು. "ನಂಗೆ ಈ ಆಟ ಬೇಡ. ನಮ್ಮ ಆಟಾನೇ ಆಡ್ತೀನಿ. ಹೋದ್ರೆ ಮೈಕು ಹೋಗ್ಲಿ."

ನನಗೆ ಎಲ್ಲಿತ್ತೋ ಸಿಟ್ಟು. ಹತ್ತಿರ ಸ್ಕ್ರೂ ತಿರುಗಿಸುವ ಸಾಮಾನು ಇರಲಿಲ್ಲ, ತರಕಾರಿ ಚಾಕು ತೆಗೆದುಕೊಂಡು ಆಟದ ಕೋಣೆಗೆ ಹೋದೆ. ಅದರ ತುದಿಯಿಂದಲೇ ಒಂದೊಂದಾಗಿ ಸ್ಕ್ರೂ ಬಿಚ್ಚಿದೆ. ನಾಲ್ಕು ಹಲಗೆ, ಹದಿನಾರು ಸ್ಕ್ರೂ. ಚಾಕುವಿನ ಮೂತಿ ಸೊಟ್ಟಗಾಯಿತು. ಪುಟ್ಟಲಿಂಗ ಬಂದು ನೋಡಿದ, ಹಲಗೆಯ ಇನ್ನೊಂದು ತುದಿ ಹಿಡಿದ. ಎಲ್ಲವನ್ನೂ ಹೊತ್ತುಕೊಂಡು ಹೋಗಿ ಆಂದ್ರೇ ಬಾಗಿಲಿಗೆ ಒರಗಿಸಿ ಬಂದೆವು.

ಆಂದ್ರೇ ಕೆಂಪಗಾಗಿ ಬಂದ. ಅವಳಿಗಳು ಒಬ್ಬರ ಹಿಂದೊಬ್ಬರು ನಿಂತರು. "ಇದು ಅಡುಗೆಯವಳ ಕೆಲಸವಲ್ಲ," ಎಂದ ಅವನು. ಇಲಿಯಾಸ್ ನನಗೆ ಕನ್ನಡದಲ್ಲಿ ಮೆಲ್ಲಗೆ ಹೇಳಿದ.

"ಹೇಳು ಅವನಿಗೆ," ಎಂದೆ. "ನಿನ್ನೆಯಿಂದ ಈ ಮಕ್ಕಳಿಗೆ ಊಟ ಸೇರ್ತಿಲ್ಲ. ಊಟ ಸೇರದಂಗೆ ಮಾಡೋದು ಹಲಗೇನೇ ಆಗಲಿ, ಕೋಚೇ ಆಗಲಿ, ತೆಗೆಯೋದು ನನ್ ಕೆಲಸಾನೇ."

ಇಲಿಯಾಸ್ ಒಂದಕ್ಷರ ಬಿಡದೆ ಹೇಳಿದನೆಂದು ಆಂದ್ರೇಯ ಮುಖ ನೋಡಿಯೇ ಗೊತ್ತಾಯಿತು. ದಾಕ್ಷಾಯಿಣಿ ಮುಂದೆ ಬಂದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ನಾವು ಎಣಿಸುತ್ತೇವೆ, ನಾವು ಒಬ್ಬರನ್ನೊಬ್ಬರು ನೋಡುತ್ತೇವೆ, ಬೇಕಾದಾಗ ನಾನು ಕೈ ಎತ್ತುತ್ತೇನೆ. ದೊಡ್ಡ ಪಂದ್ಯದ ಮೊದಲನೇ ಆಟ ಹೀಗೆ ಆಡುತ್ತೇವೆ. ಸೋತರೆ ಮೈಕು ನಾನೇ ಬಿಚ್ಚಿ ನಿಮ್ಮ ಕೈಗೆ ಕೊಡುತ್ತೇನೆ. ಆಂದ್ರೇ ನಕ್ಕ. ಮೊದಲನೇ ಆಟ ಆ ದೇಶದ ಅತಿ ಚುರುಕಿನ ತಂಡದ ಮೇಲೆ ಇತ್ತು. ಆಗಲಿ, ಆ ಒಂದು ಆಟ ನಿನ್ನದು ಎಂದ. ಅವನು ಹೋದ ಮೇಲೆ ಅವಳು ಇಲಿಯಾಸನ ಕಡೆ ತಿರುಗಿ, "ಆಡ್ತೀಯಾ?" ಎಂದಳು.

"ಆಡ್ತೀನಿ," ಎಂದ ಇಲಿಯಾಸ್. "ಕಂಪ್ಯೂಟರ್ ಇಲ್ಲೂ ಇದೆಯಲ್ಲ." ಅವಳು ಆ ಪೆಟ್ಟನ್ನು ನಿಂತಲ್ಲೇ ತಡೆದುಕೊಂಡಳು.

ಉಳಿದ ಮೂರು ವಾರ ಬೆಳಗಿನ ಓಟ, ದೀಪ, ಗುಂಡಿ ಎಲ್ಲ ಬಿಟ್ಟರು. ಐದೂ ಜನ ಅಡುಗೆಮನೆಯ ಮೇಜಿನ ಸುತ್ತ ಕೂತು ಎಣಿಕೆ ಮತ್ತೆ ಕಲಿತರು. ಊರಿನಲ್ಲಿ ಎಣಿಕೆ ಕಲಿಯಬೇಕಾಗಿರಲಿಲ್ಲ, ಮಾತೇ ತಡೆದು ಬರುತ್ತಿತ್ತು. ಇಲ್ಲಿ ಕರೆ ಕಿವಿಗೆ ಬಿದ್ದ ಮೇಲೂ ಐದರವರೆಗೆ ಮನಸ್ಸನ್ನು ಹಿಡಿದಿಟ್ಟುಕೊಳ್ಳಬೇಕಿತ್ತು. ನಾನು ರೊಟ್ಟಿ ತಟ್ಟುತ್ತಾ ಐದು ಎಣಿಸುತ್ತಿದ್ದೆ, ಅವರು ನನ್ನ ಕೈಯ ಲಯಕ್ಕೆ ಎಣಿಸುತ್ತಿದ್ದರು. ಇಲಿಯಾಸ್ ಎಲ್ಲರಿಗಿಂತ ನಿಖರ, ಗಡಿಯಾರದವರ ಮನೆಯ ಹುಡುಗನಲ್ಲವೇ. ದಾಕ್ಷಾಯಿಣಿ ಜೊತೆ ಮಾತ್ರ ಆಟಕ್ಕೆ ಬೇಕಾದಷ್ಟೇ ಮಾತು.

ಪಂದ್ಯದ ದಿನ ದೊಡ್ಡ ಸಭಾಂಗಣ, ಸಾವಿರಾರು ಜನ, ಗೋಡೆಯಗಲದ ಪರದೆ. ನಮ್ಮ ಐವರು ಸಾಲಾಗಿ ಕೂತಿದ್ದರು, ನಡುವೆ ದಾಕ್ಷಾಯಿಣಿ, ಬಲತುದಿಗೆ ಇಲಿಯಾಸ್. ನಡುವೆ ಹಲಗೆ ಇರಲಿಲ್ಲ. ಆಂದ್ರೇ ನನ್ನ ಪಕ್ಕದ ಕುರ್ಚಿಯಲ್ಲಿದ್ದ. ಎದುರಿನವರು ಎಷ್ಟು ಚುರುಕೆಂದರೆ, ನಮ್ಮ ಸಿಪಾಯಿಗಳು ಭುಜ ಅಲುಗಿಸಿದರೆ ಸಾಕು, ಬಾಗಿಲಿಗೆ ಅಡ್ಡ ಬಂದಿರುತ್ತಿದ್ದರು. ಹೇಗೋ ಹೆಣಗಿ ಸಮ ಸಮ ಮಾಡಿಕೊಂಡು ಕೊನೆಯ ಸುತ್ತಿಗೆ ಬಂದರು. ಕೋಟೆ ಒಡೆದರೆ ಗೆಲುವು, ಇಲ್ಲದಿದ್ದರೆ ಮೈಕು ಬಿಚ್ಚುವುದು. ನಾನು ಸೆರಗಿನ ತುದಿ ಕಚ್ಚಿಕೊಂಡಿದ್ದೆ.

"ಎಡಬಾಗ್ಲು," ಎಂದಳು ದಾಕ್ಷಾಯಿಣಿ. ಒಂದು. ನಾಲ್ವರೂ ಆಟದೊಳಗೆ ಎಡಕ್ಕೆ ವಾಲಿದರು. ಎರಡು. ಆ ವಾಲಿದ್ದನ್ನು ಕಂಡ ಎದುರಿನ ಐವರೂ ತಮ್ಮ ಚುರುಕಿಗೆ ತಕ್ಕಂತೆ ಎಡಕ್ಕೇ ಓಡಿ ಬಂದು ಬಾಗಿಲು ತುಂಬಿ ನಿಂತರು. ಅಲ್ಲಿಗೆ ನುಗ್ಗಿದರೆ ಐದು ಹೆಣ ಗ್ಯಾರಂಟಿ. ಮೂರು. ದಾಕ್ಷಾಯಿಣಿ ಕೀಲಿಮಣೆಯಿಂದ ಎಡಗೈ ತೆಗೆದು ಅಂಗೈ ಎತ್ತಿದಳು. ಪರದೆಯ ಮೇಲೆ ಅವಳ ಸಿಪಾಯಿ ನಿಂತಲ್ಲೇ ನಿಂತ, ನಾಲ್ಕು ಕಡೆಯಿಂದ ಗುಂಡು ತಿಂದು ಬಿದ್ದ. ಆಂದ್ರೇ ಅಯ್ಯೋ ಎಂದು ಹಣೆ ಹಿಡಿದುಕೊಂಡ. ನಾಲ್ಕು. ಸಾಲಿನ ತುದಿಯಿಂದ ಇಲಿಯಾಸ್ ಆ ಕೈ ನೋಡಿದ. ಅವನು ಒಂದು ಗಳಿಗೆ ನೋಡದ ಹಾಗೆ ಇದ್ದರೂ ಸಾಕಿತ್ತು, ಅವಳ ಕಥೆ ಮುಗಿಯುತ್ತಿತ್ತು. ಅವನು ತಿರುಗಿದ. ಬಲಬಾಗಿಲ ಕಡೆ ಓಡಿದ, ಉಳಿದ ಮೂವರೂ ಅವನ ಹಿಂದೆ. ಆ ಬಾಗಿಲಲ್ಲಿ ನರಪಿಳ್ಳೆ ಇರಲಿಲ್ಲ. ಐದು. ಕೋಟೆ ಒಡೆಯಿತು.

ಸಭಾಂಗಣ ಎದ್ದು ನಿಂತಿತು. ನಾನು ಆಂದ್ರೇಯ ಬೆನ್ನಿಗೆ ಒಂದು ಗುದ್ದು ಕೊಟ್ಟೆ, ಖುಷಿಗೆ ಅಂತಲೇ ಇಟ್ಟುಕೊಳ್ಳಿ. ಆಮೇಲೆ ಅವನು ದಾಕ್ಷಾಯಿಣಿಯ ಹತ್ತಿರ ಹೋಗಿ, ಅದು ಬೇಕೆಂದೇ ಹೂಡಿದ ಉಪಾಯವೇ ಎಂದು ಕೇಳಿದ. "ಇಲ್ಲ ಸರ್. ತಪ್ಪು ಕರೆ ಕೊಟ್ಟಿದ್ದೆ, ವಾಪಸ್ ತಗೊಂಡೆ," ಎಂದಳು ಅವಳು. "ನಿಮ್ಮವರು ನಮಗಿಂತ ಬೇಗ. ಆದ್ರೆ ನಿಮ್ಮವರಿಗೆ ವಾಪಸ್ ತಗೊಳ್ಳೋಕೆ ಬರಲ್ಲ."

ಇನ್ನೂ ಎರಡು ಆಟ ಗೆದ್ದು, ಎರಡು ಸೋತು, ಹದಿನಾರು ತಂಡಗಳಲ್ಲಿ ನಾಲ್ಕನೆಯವರಾದರು. ಮೈಕು ಅವಳಲ್ಲೇ ಉಳಿಯಿತು. ಹೊರಡುವ ದಿನ ಆಂದ್ರೇ ವಿಮಾನ ನಿಲ್ದಾಣದವರೆಗೂ ಬಂದ. ದಾಕ್ಷಾಯಿಣಿಯ ಎದುರು ನಿಂತು, ನಾಚಿಕೊಂಡು, ತನ್ನ ಉದ್ದ ಅಂಗೈ ಎತ್ತಿ ತೋರಿಸಿದ. ಮೊದಲನೇ ವಾರ ಕಾಯಿಲೆ ಅಂದೆನಲ್ಲ, ಅದಕ್ಕೆ ಎಂದ. "ಅದು ಆಗಲೇ ಕೇಳಿಸಿಬಿಟ್ಟಿದೆ ಸರ್," ಎಂದಳು ಅವಳು ನಗುತ್ತಲೇ. ನಗು ಮುಖದಲ್ಲಿ ನಿಲ್ಲಲಿಲ್ಲ. ಇಲಿಯಾಸ್ ನಾಲ್ಕು ಹೆಜ್ಜೆ ಆಚೆ ಚೀಲದ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದ.

ಊರಿನ ಬಸ್ಸು ಸುಂಕದಕಟ್ಟೆ ದಾಟುವವರೆಗೂ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ದಾಟಿದ್ದೇ ತಡ, ಎದ್ದು ನಿಂತು ಕಂಡಕ್ಟರನ ಭುಜ ತಟ್ಟಿ ಬಸ್ಸು ನಿಲ್ಲಿಸಿದಳು. ಇಲಿಯಾಸನಿಗೆ ಇಳಿಯುವಂತೆ ಸನ್ನೆ ಮಾಡಿದಳು. ಏನೋ ಮರೆತಿದ್ದಾಳೆಂದುಕೊಂಡು ಅವನೂ ಇಳಿದ. ನಾನೂ ಹಿಂದೆಯೇ ಇಳಿದೆ.

ಬಿಸಿಲಿನಲ್ಲಿ ಕಟ್ಟೆಯ ಪಕ್ಕ ಇಬ್ಬರೂ ಎದುರುಬದುರು ನಿಂತರು. ಅವಳು ಅವನ ಮುಖವನ್ನೇ ನೋಡುತ್ತಾ ಬಾಯಿ ತೆರೆದಳು. ನಮ್ಮೂರಿನವರೆಲ್ಲ ತುಟಿ ಓದಬಲ್ಲೆವು. ಅವಳು ಅಂದದ್ದು ಅದೇ ಮಾತು. ಅವತ್ತು ಊಟಕ್ಕೆ ಕೂತಾಗ ಅಂದ ಅದೇ ಮಾತು, ಒಂದು ಅಕ್ಷರವನ್ನೂ ಮೆತ್ತಗೆ ಮಾಡದೆ, ಕೊನೆಯವರೆಗೆ. ಅಂದು ಮುಗಿಸಿ ಅಂಗೈ ಎತ್ತಿದಳು.

ಒಂದು. ಇಲಿಯಾಸನ ಮುಖ ಬಿಳಿಚಿಕೊಂಡಿತು. ಎರಡು. ಅವನ ಕೈಗಳು ಪಕ್ಕದಲ್ಲೇ ಜೋತುಬಿದ್ದಿದ್ದವು. ಕಿವಿ ಬಿಟ್ಟುಕೊಂಡು ಎರಡನೇ ಸಲವೂ ಕೇಳಿಸಿಕೊಂಡರೆ ಇನ್ನು ಈ ಜನ್ಮಕ್ಕೆ ಅವರಿಬ್ಬರ ನಡುವೆ ಏನೂ ಉಳಿಯುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಗೊತ್ತಿದ್ದೇ ಅಂದಿದ್ದಳು. ಮೂರು. ಎತ್ತಿದ ಕೈಯನ್ನು ಅವಳು ಕೆಳಗಿಳಿಸಲಿಲ್ಲ. ನಾಲ್ಕು. ಇಲಿಯಾಸ್ ಎರಡೂ ಕೈ ಎತ್ತಿ ಕಿವಿಗೆ ಬೆರಳಿಟ್ಟುಕೊಂಡ. ನಾನೂ ಇಟ್ಟುಕೊಂಡೆ. ಬಸ್ಸಿನಲ್ಲಿದ್ದವರೂ, ಏನು ಎತ್ತ ಗೊತ್ತಿಲ್ಲದಿದ್ದರೂ, ಆ ಕೈ ನೋಡಿ ಒಬ್ಬೊಬ್ಬರೇ ಕಿವಿ ಮುಚ್ಚಿಕೊಂಡರು. ಡ್ರೈವರು ಸ್ಟೀರಿಂಗ್ ಬಿಟ್ಟು ಮುಚ್ಚಿಕೊಂಡ.

ಐದು ಆಯಿತು. ಯಾವುದಕ್ಕೂ ಇರಲಿ ಎಂದು ಹತ್ತರವರೆಗೆ ಎಣಿಸಿದೆವು.

ಮೊದಲು ಬೆರಳು ತೆಗೆದವನು ಇಲಿಯಾಸ್. ಅವಳನ್ನು ನೋಡುತ್ತಾ ಏನೋ ಹೇಳಿದ. ಅವಳ ಕಣ್ಣು ತುಂಬಿ ಬಂದಿತ್ತು, ಅವನ ತುಟಿ ಅವಳಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಅವಳು ಕಾದಳು. ಐದು ಎಣಿಸಿದ ಮೇಲೆ ಅವನ ದನಿ ಬಂತು.

"ಏನೋ ಅಂದಂಗಿತ್ತಲ್ಲ ದಾಕ್ಷು, ನಂಗೇನೂ ಕೇಳಿಸ್ಲಿಲ್ಲ."